ಕುರ್ಚಿಯ ಮೇಲಿನ ಮುಳ್ಳುಹೂವು

ಆಲ್ಡರ್‌ವಿಕ್ ಹಾಲ್ ಎಂಬ ಹಳೇ ಬಂಗಲೆ ನೋಡಲು ಹೋಗೋಣ ಎಂದು ಮೊದಲು ಬಾಯಿ ಬಿಟ್ಟವರು ಯಾರು ಎಂಬುದು ನಮ್ಮ ಮನೆಯಲ್ಲಿ ಇವತ್ತಿಗೂ ಇತ್ಯರ್ಥವಾಗಿಲ್ಲ. ನನ್ನ ಗಂಡ ಟ್ರೆವರ್ ತನ್ನ ತಾಯಿಯ ಕಡೆ ಕೈ ತೋರಿಸುತ್ತಾನೆ. ತಾಯಿ, ಎಂದರೆ ನನ್ನ ಅತ್ತೆ ಎನಿಡ್, ನನ್ನ ಕಡೆ ತೋರಿಸುತ್ತಾರೆ. ನಾನಂತೂ ಹೇಳಿಲ್ಲವೆಂದು ಬೈಬಲ್ ಮುಟ್ಟಿ ಆಣೆ ಇಡಲು ತಯಾರಿದ್ದೇನೆ. ಮಗಳು ಜೆನ್ನಾ, "ನೀವು ಮೂರೂ ಜನ ಒಂದೇ ಗುಂಪು, ನನ್ನನ್ನ ಬಿಟ್ಬಿಡಿ" ಅನ್ನುತ್ತಾಳೆ. ಯಾರೇ ಹೇಳಿರಲಿ, ಅವರ ಹೊಟ್ಟೆ ತಣ್ಣಗಿರಲಿ.

ಅತ್ತೆ ನಮ್ಮ ಮನೆಗೆ ಬಂದದ್ದು ಕ್ರಿಸ್‌ಮಸ್‌ಗೆ ಮುಂಚೆ. ಅವರ ಹಿತ್ತಲ ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿತ್ತು. ಹಾಲಿನವನಿಗೆ ಖಾಲಿ ಬಾಟಲಿ ಹೊರಗಿಡಲು ಹೋಗಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ನೇರ ನಮ್ಮಲ್ಲಿಗೆ ಕರೆದುಕೊಂಡು ಬಂದೆವು. ಅವರದು ಬಾಡಿಗೆಯ ಮನೆ, ಮೆಟ್ಟಿಲು ಬಹಳ ಕಡಿದಾದವು, ಅದನ್ನು ಬಿಟ್ಟುಕೊಟ್ಟದ್ದೂ ಆಯಿತು.

ನಮ್ಮದೇನು ಅರಮನೆಯಲ್ಲ. ಸ್ಟೋಕ್‌ನ ಸಾಲುಮನೆ, ಕೆಳಗೆ ಎರಡು ಕೋಣೆ, ಮೇಲೆ ಎರಡು. ಮುಂದಿನ ಕೋಣೆಗೆ ಅತ್ತೆಯ ಮಂಚ ಬಂತು. ಅಲ್ಲಿದ್ದ ಸೋಫಾ ಹಿಂದಿನ ಕೋಣೆಗೆ ಹೋಯಿತು. ಹಿಂದಿನ ಕೋಣೆಯ ಊಟದ ಮೇಜು ಅಂಗಳದ ಶೆಡ್ಡಿಗೆ ಸೇರಿ, ಅದರ ಮೇಲೆ ಟ್ರೆವರ್ ಬಣ್ಣದ ಡಬ್ಬಿಗಳನ್ನು ಜೋಡಿಸಿದ. ಅಂದಿನಿಂದ ನಾವೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಟಿವಿಯ ಕಡೆ ಮುಖ ಮಾಡಿ ತಿನ್ನುವವರಾದೆವು. ಜೆನ್ನಾಳಿಗೆ ಬೇಸಿಗೆಯಲ್ಲಿ ದೊಡ್ಡ ಪರೀಕ್ಷೆ. ಅವಳ ಕೋಣೆಯಲ್ಲಿ ಮೇಜಿಗೆ ಜಾಗವಿಲ್ಲ, ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಹತ್ತುವವರು ಇಳಿಯುವವರು ಅವಳನ್ನು ದಾಟಿಕೊಂಡು ಹೋಗಬೇಕಿತ್ತು.

"ಅಮ್ಮಾ, ಮೇಜು ಯಾವಾಗ ವಾಪಸ್ ಬರತ್ತೆ?"

"ಶ್, ಮೆತ್ತಗೆ. ಅಜ್ಜಿಗೆ ಕೇಳತ್ತೆ."

"ಕೇಳಿದ್ರೆ ಏನಂತೆ? ಮೇಜು ಅನ್ನೋದು ಕೆಟ್ಟ ಮಾತಾ?"

"ಚಪ್ಪಲಿ ಹಾಕ್ಕೊಂಡು ಮೇಲೆ ಓಡಾಡ್ಬೇಡ ಅಂತ ಎಷ್ಟು ಸಲ ಹೇಳೋದು? ಅವರ ತಲೆ ಮೇಲೇ ಬರತ್ತೆ ನಿನ್ನ ಕೋಣೆ."

"ಇದು ಮನೇನಾ, ಲೈಬ್ರರೀನಾ?" ಎಂದು ಗೊಣಗಿಕೊಂಡು ಅವಳು ಕಾಲುಚೀಲದಲ್ಲೇ ಮೇಲೆ ಹೋದಳು.

ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಮಕ್ಕಳಿಗೆ ಬಡಿಸಿ, ಪಾತ್ರೆ ಉಜ್ಜಿ, ನೆಲ ಒರೆಸಿ ಮನೆಗೆ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತದೆ. ಬಂದು ನೋಡಿದರೆ ಅತ್ತೆ ಒಂದು ಕೈಲಿ ಊರುಗೋಲು ಹಿಡಿದು, ಇನ್ನೊಂದು ಕೈಲಿ ತಟ್ಟೆ ತೊಳೆಯುತ್ತಿರುತ್ತಿದ್ದರು.

"ಅತ್ತೆ, ಇದಕ್ಕೆ ಯಾಕೆ ಕೈ ಹಾಕಿದ್ರಿ? ಡಾಕ್ಟ್ರು ನಿಂತ್ಕೋಬೇಡಿ ಅಂದಿಲ್ವಾ?"

"ಏನೋ, ಕೈಲಾದಷ್ಟು."

"ನೊರೆ ಹಾಗೇ ಇದೆಯಲ್ಲ ತಟ್ಟೆ ಮೇಲೆ."

"ಬಟ್ಟೇಲಿ ಒರೆಸಿದ್ರೆ ಹೋಗತ್ತೆ. ಹುಟ್ಟಿದಾಗಿಂದ ಹಾಗೇ ತೊಳ್ದಿರೋದು. ಟ್ರೆವರ್ ಏನೂ ಸತ್ತಿಲ್ಲ."

ಅವರು ಆ ಕಡೆ ಹೋದ ಮೇಲೆ ನಾನು ಎಲ್ಲ ತಟ್ಟೆಗಳನ್ನೂ ಮತ್ತೆ ನೀರಿನಲ್ಲಿ ಜಾಲಿಸುತ್ತಿದ್ದೆ. ನಲ್ಲಿಯ ಸದ್ದು ಅವರಿಗೆ ಕೇಳುತ್ತಿತ್ತು ಎಂಬುದು ನನಗೂ ಗೊತ್ತಿತ್ತು.

ಇಸ್ತ್ರಿಯದು ಇನ್ನೊಂದು ಕತೆ. ದಿನಾ ಬೆಳಿಗ್ಗೆ ನನ್ನ ಕೆಲಸದ ಮೇಲಂಗಿ ಗರಿಗರಿಯಾಗಿ ಮೆಟ್ಟಿಲ ಕಂಬಕ್ಕೆ ನೇತುಹಾಕಿರುತ್ತಿತ್ತು. ನನಗೆ ಮೈ ಉರಿಯುತ್ತಿತ್ತು.

"ನಿಮ್ಮಮ್ಮ ನನಗೆ ಪಾಠ ಕಲಿಸ್ತಿದ್ದಾರೆ," ಎಂದೆ ಟ್ರೆವರ್‌ಗೆ.

"ಇಸ್ತ್ರಿ ಮಾಡಿದ್ದಕ್ಕಾ?"

"ನನ್ನ ಇಸ್ತ್ರಿ ನೆಟ್ಟಗಿಲ್ಲ ಅಂತ ಹೇಳೋ ರೀತಿ ಅದು. ಗಂಡಸರಿಗೆ ಗೊತ್ತಾಗಲ್ಲ."

"ಗೊತ್ತಾಗ್ದೇ ಇರೋದೇ ವಾಸಿ," ಎಂದು ಅವನು ಶೆಡ್ಡಿಗೆ ಹೋದ. ಮನೆಯಲ್ಲಿ ಗಾಳಿ ಸ್ವಲ್ಪ ಬಿಸಿಯಾದರೆ ಸಾಕು, ಅವನಿಗೆ ಶೆಡ್ಡಿನಲ್ಲಿ ಏನಾದರೂ ಕೆಲಸ ನೆನಪಾಗುತ್ತದೆ.

ಹಾಗಂತ ನಮ್ಮಲ್ಲಿ ಜಗಳವೇನೂ ಇರಲಿಲ್ಲ, ನೋಡಿ. ಜಗಳ ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ಭಾನುವಾರ ಮಧ್ಯಾಹ್ನ ನಾನು ಮಾಂಸ ಹುರಿದು, ಆಲೂಗೆಡ್ಡೆ ಬೇಯಿಸಿ, ಗ್ರೇವಿ ಸುರಿದು ಕೊಟ್ಟರೆ ಅತ್ತೆ "ತುಂಬಾ ಚೆನ್ನಾಗಿದೆ, ಬೆವ್" ಅನ್ನುತ್ತಿದ್ದರು. ಹಾಗೆ ಹೇಳಿ, ಗ್ರೇವಿಯನ್ನು ತಟ್ಟೆಯ ಅಂಚಿಗೆ ಒತ್ತರಿಸಿಟ್ಟು ಬರೀ ಆಲೂಗೆಡ್ಡೆ ತಿನ್ನುತ್ತಿದ್ದರು. "ಇನ್ನೊಂದು ಚೂರು ಹಾಕ್ಲಾ?" ಎಂದರೆ "ಬೇಡಮ್ಮ, ಹೊಟ್ಟೆ ತುಂಬ್ತು." ಸಾಯಂಕಾಲ ದೊಡ್ಡ ದೊಡ್ಡ ಬಂಗಲೆಗಳನ್ನು ತೋರಿಸುವ ಟಿವಿ ಕಾರ್ಯಕ್ರಮ. ದೊರೆಗಳ ಮಲಗುವ ಕೋಣೆ, ಬೆಳ್ಳಿಯ ಪಾತ್ರೆ, ತೋಟ. ಅತ್ತೆಗೆ ಅದು ಪ್ರಾಣ ಎಂದುಕೊಂಡು ನಾನು ತಪ್ಪದೆ ಹಾಕುತ್ತಿದ್ದೆ. ಒಂದು ಸಲ ಆಲ್ಡರ್‌ವಿಕ್ ಹಾಲ್ ತೋರಿಸಿದಾಗ ಅತ್ತೆ, "ಚೆನ್ನಾಗಿದೆ ಅಲ್ವಾ" ಎಂದರು. ನಾನೂ "ಹೂಂ, ತುಂಬಾ" ಎಂದೆ. ಅಷ್ಟೇ ನಡೆದದ್ದು.

ಮಾರ್ಚ್ ಕೊನೆಗೆ ಟ್ರೆವರ್ ಒಂದು ಸುದ್ದಿ ತಂದ. ಬ್ರೂಕ್ ಕೋರ್ಟ್ ಎಂದು ವಯಸ್ಸಾದವರಿಗಾಗಿ ಕಟ್ಟಿಸಿದ ಫ್ಲಾಟುಗಳಿವೆ, ಊರಿನ ಆ ತುದಿಗೆ. ಮೆಟ್ಟಿಲಿಲ್ಲ, ನೋಡಿಕೊಳ್ಳಲು ಒಬ್ಬಳು ವಾರ್ಡನ್ ಇರುತ್ತಾಳೆ. ಅಲ್ಲೊಂದು ಖಾಲಿಯಾಗಿದೆ ಎಂದು ಅತ್ತೆಗೆ ಚರ್ಚಿನ ಊಟದ ಕೂಟದಲ್ಲಿ ಯಾರೋ ಹೇಳಿದ್ದರಂತೆ.

"ಅಮ್ಮ ಹೋಗ್ತೀನಿ ಅಂತಿದ್ದಾಳೆ. ನಿನಗೆ ಅನುಕೂಲ ಆಗತ್ತೆ ಅಂದ್ರೆ."

ನಮ್ಮ ಮನೆ ಅವರಿಗೆ ಹಿಡಿಸಲಿಲ್ಲ ಎಂದುಕೊಂಡೆ. ಬಾಯಲ್ಲಿ ಬಂದದ್ದು ಮಾತ್ರ ಬೇರೆ. "ಅವರಿಗೆ ಇಷ್ಟ ಇದ್ರೆ ನಂದೇನಿದೆ?"

ಅವನು ಮುಂದಿನ ಕೋಣೆಗೆ ಹೋಗಿ ಬಂದ. "ಬೆವ್ ಒಪ್ಪಿದ್ರೆ ಸರಿ ಅಂತಾಳೆ."

"ಸರಿ, ಹಾಗಾದ್ರೆ."

"ಸೋಮವಾರದೊಳಗೆ ಹೇಳ್ಬೇಕಂತೆ. ಅದಕ್ಕೆ ಮುಂಚೆ ಅಮ್ಮನ್ನ ಎಲ್ಲಾದರೂ ಒಂದ್ಸಲ ಕರ್ಕೊಂಡು ಹೋಗಿ ಬರೋಣ. ಆ ಬಂಗಲೆ ನೋಡ್ಬೇಕು ಅಂತ ಆಸೆ ಇತ್ತಲ್ಲ."

ನೋಡಿ, ಇದನ್ನು ಹೇಳಿದ್ದು ಅವನೇ. ಆದರೆ ಆಸೆ ಅಮ್ಮನದು ಎಂದು ಈಗಲೂ ವಾದ ಮಾಡುತ್ತಾನೆ.

ಶನಿವಾರ ಬೆಳಿಗ್ಗೆ ನಾನು ಮೊಟ್ಟೆಯದೊಂದು ಬಗೆ, ಹ್ಯಾಮಿನದೊಂದು ಬಗೆ ಸ್ಯಾಂಡ್‌ವಿಚ್ ಮಾಡಿ, ಬ್ರೆಡ್ಡಿನ ಕವರಿಗೇ ತುಂಬಿದೆ. ಫ್ಲಾಸ್ಕಿನಲ್ಲಿ ಚಹಾ, ಬೇರೆ ಸೀಸೆಯಲ್ಲಿ ಹಾಲು. ಬಂಗಲೆಗಳಲ್ಲಿ ಚಹಾದ ಅಂಗಡಿ ಇರುತ್ತದೆ, ಆದರೆ ನಮ್ಮಂಥವರು ಅಲ್ಲಿ ಕೂತು ತಿಂದು ಬಂದರೆ ಟ್ರೆವರ್ ವಾರವಿಡೀ ಅದರ ಬೆಲೆಯನ್ನೇ ಜಪ ಮಾಡುತ್ತಾನೆ. ಕಾರಿನ ಡಿಕ್ಕಿಗೆ ಮಡಿಸುವ ಕುರ್ಚಿಗಳು, ಕಂಬಳಿ ಅವನೇ ಹಾಕಿದ. ಅತ್ತೆ ತಮ್ಮ ನೀಲಿ ಕೋಟು ತೊಟ್ಟು, ತೀರಿಹೋದ ಗಂಡ ಕೊಟ್ಟಿದ್ದ ಪಿನ್ನು ಚುಚ್ಚಿಕೊಂಡು ಬಾಗಿಲಲ್ಲಿ ಕಾದು ನಿಂತಿದ್ದರು.

"ಬೆವ್, ನಿನಗೆ ಒಂದು ದಿನ ಹೊರಗೆ ಹೋದ ಹಾಗಾಗತ್ತೆ. ಒಳ್ಳೇದೇ ಆಯ್ತು," ಎಂದರು.

"ನಿಮಗೆ ಇಷ್ಟ ಅಂತ ತಾನೇ, ಅತ್ತೆ," ಎಂದೆ. ಅವರು ನಕ್ಕು ಕಾರಿನ ಕಡೆ ನಡೆದರು.

ಆಲ್ಡರ್‌ವಿಕ್ ಹಾಲ್ ದೊಡ್ಡದು ಎಂದರೆ ದೊಡ್ಡದು. ಗೇಟು ದಾಟಿ ಎಷ್ಟು ಹೊತ್ತಾದರೂ ಮನೆ ಕಾಣಲಿಲ್ಲ, ಬರೀ ಕುರಿ. ಬಾಗಿಲಲ್ಲಿದ್ದವರು ಗಾಲಿಕುರ್ಚಿ ಕೊಡುತ್ತೇವೆ ಎಂದರೆ ಅತ್ತೆ, "ಬೇಡ, ಬೇಕಾದವರಿಗೆ ಕೊಡಿ" ಎಂದುಬಿಟ್ಟರು. ಒಂದೊಂದು ಕೋಣೆಗೆ ಒಬ್ಬೊಬ್ಬರು ಸ್ವಯಂಸೇವಕರು, ನಿವೃತ್ತರಾದ ಮೇಷ್ಟರಂಥವರು, ಕತ್ತಿಗೆ ಬಿಲ್ಲೆ ಹಾಕಿಕೊಂಡು ನಿಂತಿದ್ದರು. ಟ್ರೆವರ್ ಛಾವಣಿಯ ತೇವದ ಕಲೆ ಹುಡುಕಿದ. ಅತ್ತೆ ಅಗ್ಗಿಷ್ಟಿಕೆಗಳನ್ನು ನೋಡಿ, "ಇದರ ಬೂದಿ ಬಳಿಯೋರ ಗತಿ" ಎಂದರು. ಜೆನ್ನಾ ಎಲ್ಲ ಕೋಣೆಗಳನ್ನೂ ಫೋನಿನಲ್ಲಿ ಮುಖ ಹುದುಗಿಸಿಕೊಂಡೇ ದಾಟಿದಳು. ಎಲ್ಲರೂ ಒಬ್ಬರಿಗೊಬ್ಬರು "ಚೆನ್ನಾಗಿದೆ, ಚೆನ್ನಾಗಿದೆ" ಎಂದುಕೊಂಡು ಮುಂದೆ ಹೋದೆವು.

ಊಟದ ಕೋಣೆಗೆ ಬರುವಷ್ಟರಲ್ಲಿ ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಉದ್ದನೆಯ ಮೇಜು, ಊರಿಗೆಲ್ಲ ಊಟ ಹಾಕಬಹುದು. ನನಗೆ ಶೆಡ್ಡಿನಲ್ಲಿದ್ದ ನಮ್ಮ ಮೇಜು ನೆನಪಾಗಿ ಒಂಥರಾ ಆಯಿತು. ಗೋಡೆಯ ಉದ್ದಕ್ಕೂ ರೇಷ್ಮೆ ಹೊದಿಸಿದ ಕುರ್ಚಿಗಳು, ಪ್ರತಿಯೊಂದರ ಮೇಲೂ ಒಣಗಿದ ಒಂದೊಂದು ಮುಳ್ಳುಹೂವು. ಇಂಥ ಮನೆಗಳಲ್ಲಿ ಅದು ಪದ್ಧತಿ. ಕೂರಬೇಡಿ ಎಂದು ಬರೆದು ಹಾಕಿದರೆ ಒರಟಾಯಿತು ಎಂದು ಹೂವು ಇಟ್ಟಿರುತ್ತಾರೆ. ಅತ್ತೆ ಒಂದು ಕುರ್ಚಿಯ ಹೂವನ್ನು ಕೈಗೆತ್ತಿಕೊಂಡು, ಉಸ್ಸಪ್ಪಾ ಎಂದು ಕೂತೇಬಿಟ್ಟರು.

ಅಲ್ಲಿದ್ದ ಸ್ವಯಂಸೇವಕ, ಹಳದಿ ವೇಸ್ಟ್‌ಕೋಟಿನ ಯಜಮಾನರು, ಮೆಲ್ಲಗೆ ಹತ್ತಿರ ಬಂದರು.

"ಆರಾಮಾಗಿ ಕೂತ್ರಾ, ಮೇಡಂ?"

"ಹೂಂ, ಥ್ಯಾಂಕ್ಸ್. ಕುರ್ಚಿ ಗಟ್ಟಿಯಾಗಿದೆ."

"ಹೌದೌದು. ತುಂಬಾ ಹಳೇದು ಅದು. ಇನ್ನೂರು ವರ್ಷದ ಮೇಲಾಯ್ತು."

"ಸದ್ಯ, ನಾನೊಬ್ಬಳೇ ಹಳಬಳು ಅಂದ್ಕೊಂಡಿದ್ದೆ."

ಅವರು ಕೈ ಹೊಸೆದುಕೊಂಡರು. "ಪಕ್ಕದ ಕೋಣೆ ಕಿಟಕಿ ಹತ್ರ ಒಂದು ಬೆಂಚಿದೆ. ಅಲ್ಲಿಂದ ತೋಟ ಬಹಳ ಚೆನ್ನಾಗಿ ಕಾಣತ್ತೆ."

"ಆಮೇಲೆ ನೋಡ್ತೀನಿ. ನನಗೆ ಇಲ್ಲೇ ಸುಖವಾಗಿದೆ."

"ನಿಮ್ಮ ಕೈಲಿರೋ ಹೂವು... ಅದನ್ನ ಬೆಳಿಗ್ಗೆ ನಾವೇ ಇಟ್ಟಿದ್ದು."

"ಒಳ್ಳೆ ಹೂವೇ. ಆದ್ರೆ ಕೂರೋ ಜಾಗದಲ್ಲಿ ಇಟ್ರೆ ಯಾರಿಗಾದ್ರೂ ಚುಚ್ಚತ್ತೆ. ಸ್ವಲ್ಪ ನೋಡ್ಕೊಳ್ಳಿ."

ಆ ಯಜಮಾನರ ಮುಖ ಕೆಂಪಗಾಯಿತು. ಟ್ರೆವರ್ ಛಾವಣಿ ನೋಡುತ್ತಿದ್ದ. ನಾನು ಬೆಳ್ಳಿಯ ಚಮಚಗಳನ್ನು ನೋಡುತ್ತಿದ್ದೆ. ಇಬ್ಬರಿಗೂ ವಿಷಯ ಗೊತ್ತು, ಹೇಳುವ ಬಾಯಿ ಇಲ್ಲ. ಕೊನೆಗೆ ಜೆನ್ನಾ ಫೋನಿನಿಂದ ಮುಖ ಎತ್ತಿದಳು.

"ಅಜ್ಜಿ, ಆ ಕುರ್ಚಿ ಮೇಲೆ ಕೂರಬಾರ್ದು. ಅದಕ್ಕೇ ಮುಳ್ಳು ಇಟ್ಟಿರೋದು. ಏಳಿ ಅಂತ ಅವರು ಆವಾಗಿಂದ ಹೇಳ್ತಿದ್ದಾರೆ."

ಅತ್ತೆ ದಡಬಡ ಎದ್ದರು, ಬೀಳುವುದರಲ್ಲಿದ್ದರು. ಯಜಮಾನರು ಮೊಣಕೈ ಹಿಡಿದು ಕ್ಷಮಿಸಿ ಎಂದರು. ಅತ್ತೆ ಕ್ಷಮಿಸಿ ಎಂದರು. ಟ್ರೆವರ್ ಎಂದ, ನಾನೂ ಎಂದೆ. ಕ್ಷಮೆ ಕೇಳದೆ ಉಳಿದವಳು ಜೆನ್ನಾ ಒಬ್ಬಳೇ. ಅತ್ತೆಯನ್ನು ಎರಡೂ ಕಡೆಯಿಂದ ಹಿಡಿದುಕೊಂಡು ನಾವು ಹೊರಗೆ ಬಂದೆವು.

ಹೊರಗೆ ಮಳೆ. ಮಡಿಸುವ ಕುರ್ಚಿಗಳು ಡಿಕ್ಕಿಯಲ್ಲೇ ಉಳಿದವು. ಕಾರಿನೊಳಗೇ ಕೂತು ಬುತ್ತಿ ಬಿಚ್ಚಿದೆವು. ಮುಂದೆ ಟ್ರೆವರ್, ಅತ್ತೆ. ಹಿಂದೆ ನಾನು, ಜೆನ್ನಾ. ಗಾಜಿಗೆಲ್ಲ ಆವಿ ಹಿಡಿಯಿತು, ಕಾರೆಲ್ಲ ಮೊಟ್ಟೆಯ ವಾಸನೆ.

ಅತ್ತೆ ಸ್ಯಾಂಡ್‌ವಿಚ್ ಹಿಡಿದುಕೊಂಡು ತಿನ್ನದೆ ಕೂತಿದ್ದರು. "ನನಗೇ ಗೊತ್ತಾಗ್ಬೇಕಿತ್ತು," ಎಂದರು. "ಕೂರಬಾರದ ಜಾಗದಲ್ಲಿ ಹೋಗಿ ಕೂರೋದು ಅಭ್ಯಾಸ ಆಗ್ಬಿಟ್ಟಿದೆ ನನಗೆ."

"ಹಾಗಂದ್ರೆ ಏನಜ್ಜಿ?" ಎಂದಳು ಜೆನ್ನಾ.

"ಏನಿಲ್ಲ. ಚಹಾ ಕೊಡು."

"ಹಾಗಂದ್ರೆ ಏನು ಅಂತ ಕೇಳ್ದೆ."

"ಜೆನ್ನಾ, ಸಾಕು," ಎಂದ ಟ್ರೆವರ್.

"ಇಲ್ಲ, ಸಾಕಾಗಿಲ್ಲ. ಆ ತಾತ ಏಳಿ ಅನ್ನೋಕೆ ತೋಟ ತೋರಿಸ್ತಾರೆ. ನೀವೂ ಹಾಗೇ. ಒಂದು ಮಾತು ಕೇಳ್ತೀನಿ, ಎಲ್ಲರೂ ನೆಟ್ಟಗೆ ಹೇಳಿ. ಈ ಬಂಗಲೆ ನೋಡೋಕೆ ಇಲ್ಲಿ ಯಾರಿಗೆ ಆಸೆ ಇತ್ತು?"

"ನಿಮ್ಮಜ್ಜಿಗೆ," ಎಂದೆ ನಾನು.

ಅತ್ತೆ ತಿರುಗಿ ನೋಡಿದರು. "ನನಗಾ? ನನಗ್ಯಾಕೆ? ಆ ಟಿವಿ ಕಾರ್ಯಕ್ರಮ ನಿನಗೆ ಇಷ್ಟ ಅಂತ ನಾನು ಸುಮ್ನೆ ನೋಡ್ತಿದ್ದೆ, ಬೆವ್. ವಾರವೆಲ್ಲ ದುಡಿದು ಬರ್ತೀಯ, ಅದೊಂದು ಗಳಿಗೆ ಖುಷಿಯಾಗಿರ್ಲಿ ಅಂತ."

"ನಾನು ನಿಮಗೋಸ್ಕರ ಹಾಕ್ತಿದ್ದೆ, ಅತ್ತೆ. ನನಗೆ ಆ ದೊರೆಗಳ ಮುಖ ಕಂಡ್ರೇ ಆಗಲ್ಲ."

"ಥೂ, ಇಬ್ರೂ ಸೇರಿ ನನ್ನ ಫುಟ್‌ಬಾಲ್ ಮ್ಯಾಚೆಲ್ಲ ತಿಂದ್ರಲ್ಲ," ಎಂದ ಟ್ರೆವರ್. "ಇಡೀ ಚಳಿಗಾಲ."

ಅತ್ತೆಗೆ ಮೊದಲು ನಗು ಬಂತು. ಆಮೇಲೆ ನನಗೆ. ಅತ್ತೆ ಹೊಟ್ಟೆ ಹಿಡಿದುಕೊಂಡು, "ಅಯ್ಯೋ ನನ್ನ ಸೊಂಟ, ನಗಿಸ್ಬೇಡ್ರೋ" ಎಂದು ನಕ್ಕರು. ಕಾರು ಅಲ್ಲಾಡುವಷ್ಟು ನಕ್ಕೆವು.

ನಗು ನಿಲ್ಲುವುದನ್ನೇ ಕಾಯುತ್ತಿದ್ದವಳ ಹಾಗೆ ಜೆನ್ನಾ ಕೇಳಿದಳು. "ಹಾಗಾದ್ರೆ ಬ್ರೂಕ್ ಕೋರ್ಟ್?"

ಟ್ರೆವರ್ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿದ.

"ಅದು ಅಮ್ಮನೇ ಹೇಳಿದ್ದು," ಎಂದ.

"ಬೆವ್‌ಗೆ ಅನುಕೂಲ ಆದ್ರೆ ಅಂತ ಹೇಳಿದ್ದು ನಾನು," ಎಂದರು ಅತ್ತೆ. "ಅವಳು ಒಪ್ಪಿದ್ದಾಳೆ ಅಂತ ನೀನು ಬಂದು ಹೇಳ್ದೆ."

"ನಿಮಗೆ ಇಷ್ಟ ಇದ್ರೆ ಅಂದಿದ್ದೆ ನಾನು," ಎಂದೆ.

"ಎರಡೂ ಒಂದೇ ಅಲ್ವಾ?" ಎಂದ ನನ್ನ ಗಂಡ. ಅವನನ್ನು ಏನು ಮಾಡಬೇಕು ಹೇಳಿ.

ನನ್ನ ಮುಂದೆ ಅತ್ತೆಯ ಬೆನ್ನು, ಅವರ ಬಿಳಿ ಕೂದಲು. ಮುಖ ಕಾಣುತ್ತಿದ್ದರೆ ನನ್ನ ಬಾಯಿಂದ ಆ ಮಾತು ಬರುತ್ತಿರಲಿಲ್ಲವೇನೋ. "ಅತ್ತೆ, ನೀವು ಹೋಗೋದು ನನಗೆ ಇಷ್ಟ ಇಲ್ಲ," ಎಂದೆ. "ನಮ್ಮಮ್ಮ ತೀರಿಹೋದಾಗ ನಾನು ಚಿಕ್ಕವಳು. ಅಪ್ಪ ಪಿಂಗಾಣಿ ಕಾರ್ಖಾನೇಲಿ. ಶಾಲೆಯಿಂದ ಬಂದು, ಕತ್ತಲ್ಲಿ ಬೀಗ ನಾನೇ ತೆಗೀತಿದ್ದೆ. ಮದ್ವೆ ಆದ ಮೇಲೂ ಮನೆಗೆ ಮೊದಲು ಬರೋಳು ನಾನೇ. ಈಗ ಬೀದಿ ತಿರುವಿನಿಂದಲೇ ನಿಮ್ಮ ಕಿಟಕಿ ದೀಪ ಕಾಣತ್ತೆ. ಒಳಗೆ ಬಂದ್ರೆ ನೀರು ಕುದ್ದಿರತ್ತೆ, ಎರಡು ಕಪ್ಪು ಇಟ್ಟಿರ್ತೀರಿ. ಇವತ್ತು ಏನಾಯ್ತೇ ಅಂತ ಕೇಳ್ತೀರಿ. ನನ್ನನ್ನ ಹಾಗೆ ಯಾರೂ ಕೇಳಿರ್ಲಿಲ್ಲ."

ಅತ್ತೆ ಬಹಳ ಹೊತ್ತು ಗಾಜಿನ ಆವಿಯನ್ನು ಕೋಟಿನ ತೋಳಿನಿಂದ ಒರೆಸಿದರು. ಒರೆಸಿದ ಕಡೆಯೇ ಮತ್ತೆ ಒರೆಸಿದರು.

"ಮತ್ತೆ ಮನೆ ಯಾಕೆ ಹಾಗೆ ಬಿಕೋ ಅನ್ನತ್ತೆ?" ಎಂದರು. "ಮೊದಮೊದಲು ಮೇಲಿಂದ ನಿಮ್ಮ ಹೆಜ್ಜೆ ಕೇಳೋದು, ಮಾತು ಕೇಳೋದು. ಮಲ್ಕೊಂಡು ಕೇಳ್ತಿದ್ದೆ. ಆಮೇಲೆ ಎಲ್ಲ ನಿಂತೋಯ್ತು. ಬರೀ ಶ್ ಶ್. ನನ್ನಿಂದ ಇವರಿಗೆ ಮನೇಲಿ ನಗೋಕೂ ಬೇಜಾರಾಯ್ತು ಅಂದ್ಕೊಂಡೆ."

"ನಿಮ್ಮ ನಿದ್ದೆ ಕೆಡಬಾರ್ದು ಅಂತ ಅತ್ತೆ ಅದು," ಎಂದೆ.

"ಹುಚ್ಚಿ. ಸದ್ದಿಲ್ಲದ ಮನೇಲಿ ಹತ್ತಾರು ವರ್ಷ ಒಬ್ಬಳೇ ಇದ್ದು ಬಂದಿದ್ದೀನಿ ನಾನು. ಆ ಸದ್ದು ಇರಲಿ ಅಂತಾನೇ ಆಸೆ ಪಟ್ಟಿದ್ದು."

"ಮತ್ತೆ ಆ ಮೇಲಂಗಿ?" ಎಂದೆ. ಇಷ್ಟಾದ ಮೇಲೆ ಅದನ್ನೂ ಕೇಳಿಬಿಡುವುದು ವಾಸಿ. "ನನ್ನ ಇಸ್ತ್ರಿ ಅಷ್ಟು ಕೆಟ್ಟದಾಗಿದೆಯಾ?"

"ನಿನ್ನ ಇಸ್ತ್ರಿ ಕೆಟ್ಟದಾಗೇ ಇದೆ," ಎಂದರು ಅತ್ತೆ. "ಆದ್ರೆ ಅದಕ್ಕಲ್ಲ. ನಿನಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಕೂತ್ಕೊಂಡೇ ಮಾಡಬಹುದಾದ ಕೆಲಸ ಅದೊಂದೇ ಇತ್ತು."

ನನಗೆ ಅಳು ಬಂತು, ಅತ್ತುಬಿಟ್ಟೆ. ಮುಂದಿನ ಸೀಟಿನಿಂದ ಒಂದು ಕೈ ಹಿಂದಕ್ಕೆ ಬಂತು. ಅದರಲ್ಲಿ ಕರವಸ್ತ್ರ, ಅದೂ ಇಸ್ತ್ರಿ ಮಾಡಿದ್ದೇ.

ಆಗ ಯಾರೋ ಗಾಜು ಬಡಿದರು. ಹಳದಿ ವೇಸ್ಟ್‌ಕೋಟಿನ ಯಜಮಾನರು ಕೊಡೆ ಹಿಡಿದು ನಿಂತಿದ್ದರು. ಇನ್ನೊಂದು ಕೈಲಿ ಅತ್ತೆಯ ಊರುಗೋಲು. ಗಡಿಬಿಡಿಯಲ್ಲಿ ಮರೆತು ಬಂದಿದ್ದೆವು. ಅತ್ತೆ ಅದನ್ನು ತೆಗೆದುಕೊಂಡು ಕೋಟಿನ ಜೇಬಿಗೆ ಕೈ ಹಾಕಿದರೆ ಮುಳ್ಳುಹೂವು ಸಿಕ್ಕಿತು.

"ನೋಡಿ, ಇದನ್ನೂ ಕದ್ದುಕೊಂಡು ಬಂದಿದ್ದೀನಿ."

"ಇಟ್ಕೊಳ್ಳಿ, ಮೇಡಂ. ತೋಟದಲ್ಲಿ ಬೇಕಾದಷ್ಟಿದೆ." ಅವರು ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಅವಾಗಲೇ ನೇರವಾಗಿ ಹೇಳ್ಬೇಕಿತ್ತು ನಾನು."

"ಹೌದು, ಹೇಳ್ಬೇಕಿತ್ತು," ಎಂದರು ಅತ್ತೆ ನಗುತ್ತಾ. "ನಾವೂ ಇವತ್ತೇ ಕಲಿತಿದ್ದು. ಸ್ಯಾಂಡ್‌ವಿಚ್ ತಿಂತೀರಾ? ಬೇಕಾದ್ರೆ ಬೇಕು ಅನ್ನಿ."

ಅವರು ಒಂದು ಕ್ಷಣ ಯೋಚಿಸಿ, "ಬೇಕು" ಎಂದರು. ಹ್ಯಾಮಿನದು ಕೊಟ್ಟೆ.

ಸೋಮವಾರ ಬೆಳಿಗ್ಗೆ ಬ್ರೂಕ್ ಕೋರ್ಟಿಗೆ ಅತ್ತೆಯೇ ಫೋನ್ ಮಾಡಿದರು. ನಾನು ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತೆ. "ಇಲ್ಲ, ನಾನು ಬರಲ್ಲ," ಎಂದರು. "ಇಲ್ಲ, ಯೋಚನೆ ಮಾಡೋದೇನಿಲ್ಲ. ನಮ್ಮ ಮನೇಲೇ ಇರ್ತೀನಿ." ಆ 'ನಮ್ಮ ಮನೆ' ಎಂಬ ಮಾತನ್ನು ಶಾಲೆಯವರೆಗೂ ನೆನೆಸಿಕೊಂಡು ಹೋದೆ. ಮೈಮೇಲೆ ಗರಿಗರಿಯಾದ ಮೇಲಂಗಿ ಇತ್ತು.

ಆ ವಾರ ಟ್ರೆವರ್ ಸೋಫಾವನ್ನು ಪಕ್ಕದ ಮನೆಯವರಿಗೆ ಕೊಟ್ಟು, ಶೆಡ್ಡಿನಿಂದ ಮೇಜು ತಂದು, ಅದರ ಮೇಲಿನ ಬಣ್ಣದ ಕಲೆಗಳನ್ನು ಉಜ್ಜಿದ. ಎಲ್ಲ ಹೋಗಲಿಲ್ಲ, ಹೋಗದಿದ್ದರೆ ಬೇಡ. ಸಂಜೆ ಹೊತ್ತು ಅಲ್ಲಿ ಜೆನ್ನಾಳ ಪುಸ್ತಕಗಳು. ಮೇಲಿನ ಕೋಣೆಯಲ್ಲಿ ಅವಳು ಈಗ ಬೂಟು ಹಾಕಿಕೊಂಡೇ ತಿರುಗುತ್ತಾಳೆ. ಕುದುರೆ ಲಾಯ ಇಟ್ಟ ಹಾಗಿದೆ. ಅತ್ತೆ ಮಾತ್ರ ಹೆಣಿಗೆ ನಿಲ್ಲಿಸಿ, ಛಾವಣಿಯ ಕಡೆ ನೋಡಿ, ಮತ್ತೆ ಹೆಣೆಯುತ್ತಾರೆ.

ಭಾನುವಾರ ಮಧ್ಯಾಹ್ನ ಮೇಜಿನ ಮೇಲೆ ಊಟ ಬಡಿಸಿದೆ. ಟ್ರೆವರ್ ಹೋಗಿ ಕಿಟಕಿಯ ಪಕ್ಕದ ಕುರ್ಚಿಯನ್ನು ಎಳೆದ.

"ಅಪ್ಪಾ, ಅಲ್ಲಿ ಬೇಡ," ಎಂದಳು ಜೆನ್ನಾ.

ಕುರ್ಚಿಯ ಮೇಲೆ ಆ ಒಣಗಿದ ಮುಳ್ಳುಹೂವು ಇತ್ತು. ಟ್ರೆವರ್ ನಗುತ್ತಾ ಬೇರೆ ಕಡೆ ಹೋಗಿ ಕೂತ. ಅತ್ತೆ ಊರುಗೋಲು ಊರಿಕೊಂಡು ಬಂದರು, ಅದನ್ನು ನೋಡಿದರು. ಹೂವನ್ನು ಎತ್ತಿ ತಟ್ಟೆಯ ಪಕ್ಕದಲ್ಲಿಟ್ಟು, ತಮ್ಮ ಜಾಗದಲ್ಲಿ ಕೂತರು. ಒಂದು ತುತ್ತು ತಿಂದು ಫೋರ್ಕು ಕೆಳಗಿಟ್ಟರು.

"ಬೆವ್, ಒಂದು ಮಾತು. ಈ ಗ್ರೇವಿ ನೀರು ನೀರಾಗಿದೆ. ನಾನು ಬಂದಾಗಿಂದಲೂ ಹೀಗೇ."

ಅಷ್ಟು ಒಳ್ಳೆಯ ಮಾತನ್ನು ನನ್ನ ಅಡುಗೆಯ ಬಗ್ಗೆ ಯಾರೂ ಹೇಳಿರಲಿಲ್ಲ. ನಾನು ಎದ್ದು ಹೋಗಿ, ಗ್ರೇವಿಯನ್ನು ಮತ್ತೆ ಒಲೆಯ ಮೇಲಿಟ್ಟು ಗಟ್ಟಿ ಮಾಡಿಕೊಂಡು ಬಂದೆ.